ಸಿಓ ಡಿಟೆಕ್ಟರ್ ತಂದೀರಿ ಖರೆ, ಅದು ಒದರಿದ್ರ ಕೇಳೋರು ಯಾರು?

ಹೋದ ಚಳಿಗಾಲದಾಗ ಧಾರವಾಡದ ಮಾಳಮಡ್ಡಿಯೊಳಗ ಅಪ್ಪ-ಅವ್ವ ಇರೋ ಮನಿಗೆ ಒಂದು ವೈರ್‌ಲೆಸ್ ಸಿಓ ಡಿಟೆಕ್ಟರ್, ಅಂದ್ರ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗ್ಯಾಸ್ ಇದ್ರ ಒದರೋ ಡಬ್ಬಿ, ತಂದು ಹಚ್ಚಿದೆ. ಅಂಗೈ ಅಗಲದ ಬಿಳಿ ಡಬ್ಬಿ, ಒಳಗ ಬ್ಯಾಟರಿ, ವೈಫೈ, ನನ್ನ ಫೋನಿನ್ಯಾಗ ಅದರ ಆ್ಯಪ್. ನಾ ಇರೋದು ಹುಬ್ಬಳ್ಳಿ ಗೋಕುಲ ರೋಡ್ ಕಡೆ, ಇಲ್ಲೇ ಕುಂತು ಅಲ್ಲಿ ಮನಿ ಗಾಳಿ ಹೆಂಗೈತಿ ನೋಡಬಹುದು ಅಂತ ಭಾಳ ಖುಷಿ ಆಗಿತ್ತು. ಮೂರನೇ ರಾತ್ರಿ ಎರಡೂವರಿಗೆ ಫೋನ್ ಹೊಡ್ಕೊಳ್ಳಾಕ ಹತ್ತಿತು, ಕೆಂಪು ಅಕ್ಷರದಾಗ ಸಿಓ ಅಲಾರ್ಮ್ ಅಂತ. ಅಪ್ಪಗ ಫೋನ್ ಹಚ್ಚಿದ್ರ ಎತ್ತವಲ್ಲ, ಅಂವ ಕಿವಿ ಮಷಿನ್ ತಗದಿಟ್ಟು ಮಲಗ್ತಾನ. ಅವ್ವನ ಫೋನ್ ಅಡಗಿಮನ್ಯಾಗ ಚಾರ್ಜಿಗೆ. ನನಗೂ ಅವರಿಗೂ ನಡುವ 20 ಕಿಲೋಮೀಟರ್, ಆ ಹೊತ್ತಿನ್ಯಾಗ ಚಿಗರಿ ಬಸ್ಸೂ ಇಲ್ಲ ಏನೂ ಇಲ್ಲ, ಗಾಡಿ ಕಿಲ್ಲಿ ಹುಡುಕ್ಕೋಂತ ಹುಡುಕ್ಕೋಂತ ಬಾಜೂ ಮನಿ ಕಾಕಾಗ ಫೋನ್ ಮಾಡಿ ಎಬ್ಬಿಸಿದೆ. ಅವರು ಹೋಗಿ ಬಾಗಲಾ ಬಡದು ಎಲ್ಲಾರನೂ ಹೊರಗ ಕಟ್ಟಿ ಮ್ಯಾಲ ಕುಂದ್ರಿಸಿದ್ರು. ಅವ್ವಗ ಸಪ್ಪಳ ಕೇಳಿತ್ತಂತ, ಯಾರದೋ ಕಾರಿನ ಸೈರನ್ ಇರಬೇಕು ಅಂತ ಮುಸುಕು ಹಾಕ್ಕೊಂಡು ಮಲಗಿದ್ಲು!

ಅವತ್ತು ಮನ್ಯಾಗ ಸಿಓ ಇರಲೇ ಇಲ್ಲ, ಯಾಕ ಒದರಿತು ಅನ್ನೋದು ಮುಂದ ಹೇಳ್ತೀನಿ. ಆದ್ರ ಅವತ್ತಿಂದ ಯಾರರ ಈ ಡಬ್ಬಿ ಬಗ್ಗೆ ಕೇಳಿದ್ರ ನಾ ಮೊದಲು ಕೇಳೋದು ಯಾವ ಕಂಪನೀದು ಅಂತ ಅಲ್ಲ, ಅದು ಒದರಿದಾಗ ಒಂದೆರಡು ನಿಮಿಷದಾಗ ಬಾಗಲಾ ತಗಿಯೋ ಮನಷಾ ಯಾರು ಅಂತ. ಯಾಕಂದ್ರ ಈ ವಿಷ ಬಡದವರಿಗೆ ತಮಗ ವಿಷ ಬಡದೈತಿ ಅನ್ನೋದು ಗೊತ್ತಾಗೂದಿಲ್ಲ, ಗೊತ್ತಾದ್ರೂ ಎದ್ದು ನಡಿಯೋ ಕಸು ಇರೂದಿಲ್ಲ. ವೈರ್‌ಲೆಸ್ ಅನ್ನೋದರ ಖರೇ ಉಪಯೋಗ ಅಲ್ಲೇ ಐತಿ, ಗ್ರಾಫ್ ನೋಡಾಕ ಅಲ್ಲ.

ಮೊದಲು ಈ ಗ್ಯಾಸ್ ಏನು ಅಂತ ತಿಳ್ಕೊಳ್ಳೋಣ. ಕಟ್ಟಿಗಿ, ಇದ್ದಲಿ, ಪೆಟ್ರೋಲ್, ಡೀಸೆಲ್, ಎಲ್‌ಪಿಜಿ, ಪೈಪಿನ ಗ್ಯಾಸ್, ಯಾವುದರ ಉರೀಲಿ, ಗಾಳಿ ಸಾಕಷ್ಟಿದ್ರ ಅದರೊಳಗಿನ ಕಾರ್ಬನ್ ಪೂರ್ತಿ ಉರದು ಕಾರ್ಬನ್ ಡೈಆಕ್ಸೈಡ್ ಆಗ್ತೈತಿ. ಗಾಳಿ ಕಮ್ಮಿ ಬಿತ್ತಂದ್ರ ಅರ್ಧಾಮರ್ಧ ಉರದು ಕಾರ್ಬನ್ ಮೊನಾಕ್ಸೈಡ್, ಅಂದ್ರ ಸಿಓ. ಬಣ್ಣ ಇಲ್ಲ, ವಾಸನಿ ಇಲ್ಲ, ರುಚಿ ಇಲ್ಲ, ಕಣ್ಣು ಉರಿಯೂದಿಲ್ಲ, ಕೆಮ್ಮು ಬರೂದಿಲ್ಲ. ನಮ್ಮ ರಕ್ತದೊಳಗಿನ ಹಿಮೋಗ್ಲೋಬಿನ್ ಐತೆಲ್ಲ, ಆಕ್ಸಿಜನ್ ಹೊತ್ಕೊಂಡು ತಿರಗೂದು, ಅದಕ್ಕ ಆಕ್ಸಿಜನ್‌ಗಿಂತ ಸಿಓ ಮ್ಯಾಲ 200 ಪಟ್ಟಿಗಿಂತ ಹೆಚ್ಚು ಪ್ರೀತಿ. ಒಂದ್ಸಲಾ ಸಿಓ ಸೀಟ್ ಹಿಡೀತು ಅಂದ್ರ ಇಳಿಯೂದಿಲ್ಲ, ಬರೇ ಹೊರಗಿನ ಗಾಳಿ ಕುಡದ್ರ ಅರ್ಧ ಇಳಿಯಾಕ ನಾಕೈದು ತಾಸು ಬೇಕು, ದವಾಖಾನ್ಯಾಗ ಮಾಸ್ಕ್ ಹಾಕಿ ಪೂರಾ ಆಕ್ಸಿಜನ್ ಕೊಟ್ರ ಒಂದು ಒಂದೂವರೆ ತಾಸು.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ಭಾಳ ಮಂದಿ ಮೋಸ ಹೋಗೋ ಜಾಗಾ ಇದು. ಕೊರೊನಾ ಟೈಮಿನ್ಯಾಗ ಎಲ್ಲಾರ ಮನ್ಯಾಗೂ ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಬಂತಲ್ಲ, ಅದು ಸಿಓ ಹಿಡಕೊಂಡ ಹಿಮೋಗ್ಲೋಬಿನ್ನನ್ನೂ ಆಕ್ಸಿಜನ್ ಹಿಡಕೊಂಡಿದ್ದನ್ನೂ ಬ್ಯಾರೆ ಮಾಡೂದಿಲ್ಲ. ಮನಷಾ ಸಾಯೋ ಸ್ಥಿತಿಯೊಳಗ ಇದ್ರೂ 98, 99 ಅಂತ ತೋರಸ್ತೈತಿ. ಅದನ್ನ ನೋಡಿ ಏನೂ ಆಗಿಲ್ಲ ಮಲಕೋ ಅನ್ನಬ್ಯಾಡ್ರಿ.

ಈಗ ಗೀಸರ್ ಕಡೆ ಬರ್ರಿ, ನಮ್ಮ ಕಡೆ ಮನಿಯೊಳಗ ಸಿಓ ಅಂದ್ರ ಹೆಚ್ಚಿನ ಮಾತು ಅದರ ಸುತ್ತನ. ಒಂದು ನಿಮಿಷಕ್ಕ ಆರು ಲೀಟರ್ ಕೊಡೋ ಗ್ಯಾಸ್ ಗೀಸರ್, ನೀರಿನ ಬಿಸಿ 25 ಡಿಗ್ರಿ ಏರಿಸಬೇಕಂದ್ರ ಹೆಚ್ಚೂಕಮ್ಮಿ ಹತ್ತು ಕಿಲೋವ್ಯಾಟ್ ಶಾಖ ಬೇಕು. ಅಡಗಿಮನಿ ಸ್ಟೋವಿನ ಒಂದು ಬರ್ನರ್ ಎರಡು ಕಿಲೋವ್ಯಾಟ್ ಹತ್ರ. ಅಂದ್ರ ಗೋಡಿಗೆ ನೇತುಹಾಕಿದ ಆ ಸಣ್ಣ ಡಬ್ಬಿ ಐದು ಒಲಿ ಒಮ್ಮೆಲೆ ಪೂರಾ ಉರಿ ಇಟ್ಟಂಗ. ಅಡಗಿಮನ್ಯಾಗ ಐದು ಒಲಿ ಹಚ್ಚಿ ಕಿಡಕಿ ಬಾಗಲಾ ಹಾಕ್ಕೊಂಡು ಯಾರೂ ನಿಂದರೂದಿಲ್ಲ, ಬಚ್ಚಲದಾಗ ಮಾತ್ರ ಚಳಿ ಅಂತ ಹೇಳಿ ಕಿಡಕಿ ಸಂದಿಗೂ ಪೇಪರ್ ತುರುಕಿ ನಿಂದರ್ತೀವಿ. ಲೆಕ್ಕಾ ಹಾಕ್ರಿ, ಒಂದು ಕೆಜಿ ಎಲ್‌ಪಿಜಿ ಉರಿಯಾಕ ಸುಮಾರು 12 ಘನಮೀಟರ್ ಗಾಳಿ ಬೇಕು, ಆ ಗೀಸರ್ ತಾಸಿಗೆ ಹತ್ರಹತ್ರ ಒಂದು ಕೆಜಿ ಸುಡ್ತೈತಿ. ಐದು ಫೂಟ್ ಅಗಲ, ಏಳು ಫೂಟ್ ಉದ್ದ, ಎಂಟು ಫೂಟ್ ಎತ್ತರದ ಬಚ್ಚಲದಾಗ ಇರೋ ಗಾಳಿ ಒಟ್ಟು ಎಂಟು ಘನಮೀಟರ್. ಹೊರಗಿಂದ ಗಾಳಿ ಬರಲಿಲ್ಲಂದ್ರ ಕಾಲು ತಾಸಿನ ಜಳಕದಾಗ ಗೀಸರ್ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗಾಳಿ ತಿಂದು ಮುಗಸ್ತೈತಿ, ಅಷ್ಟು ಹೋಗೋ ಮೊದಲ ಉರಿ ಕೆಟ್ಟು ಸಿಓ ಉಗುಳಾಕ ಶುರು ಮಾಡ್ತೈತಿ. ಸಿಓ ಹೆಚ್ಚಾದಂಗ ಆಕ್ಸಿಜನ್ನೂ ಕಮ್ಮಿ ಆಗಿರ್ತೈತಿ, ಎರಡೂ ಕೂಡಿ ಹೊಡಿತಾವ.

ಹಂಗಾರ ಬಚ್ಚಲದಾಗ ಒಂದು ಡಿಟೆಕ್ಟರ್ ಹಚ್ಚಿಬಿಡೋಣು ಅಂತೀರಿ. ಬ್ಯಾಡ್ರಿ. ಒಂದು, ಹಬಿ ಬಡದು ಸೆನ್ಸರ್ ಕೆಡ್ತೈತಿ, ಹೆಚ್ಚಾಗಿ ಎಲ್ಲಾ ಕಂಪನಿಯವರೂ ಬಚ್ಚಲದಾಗ ಹಾಕಬ್ಯಾಡ್ರಿ ಅಂತನ ಬರದಿರ್ತಾರ. ಎರಡನೇದು ಇನ್ನೂ ದೊಡ್ಡದು, ಇದು ಗೊತ್ತಿಲ್ಲದ ಭಾಳ ಮಂದಿ ಡಬ್ಬಿ ಐತಿ ಅಂತ ಧೈರ್ಯದಾಗ ಇರ್ತಾರ. ಸಿಓ ಡಿಟೆಕ್ಟರ್ ಗ್ಯಾಸ್ ಕಂಡ ಕೂಡಲೇ ಒದರೂದಿಲ್ಲ.

ಪಿಪಿಎಂ ಅಂದ್ರ ಹತ್ತು ಲಕ್ಷ ಪಾಲಿನೊಳಗ ಎಷ್ಟು ಪಾಲು ಅಂತ. ಗಚ್ಚಿ ಮ್ಯಾಲಿನ ಸಾವಿರ ಲೀಟರ್ ಟ್ಯಾಂಕಿಗೆ ಒಂದು ಮಿಲಿ ಶಾಯಿ ಹಾಕಿದ್ರ ಅದು 1 ಪಿಪಿಎಂ. ಅಮೆರಿಕಾದ ಯುಎಲ್ 2034 ಅನ್ನೋ ನಿಯಮದ ಪ್ರಕಾರ 70 ಪಿಪಿಎಂ ಇದ್ರ ಡಬ್ಬಿ ಒಂದರಿಂದ ನಾಕು ತಾಸಿನ ಒಳಗ ಒದರಬೇಕು, 150 ಇದ್ರ 10 ರಿಂದ 50 ನಿಮಿಷದಾಗ, 400 ಇದ್ರ 4 ರಿಂದ 15 ನಿಮಿಷದಾಗ. ಯುರೋಪಿನ ಇಎನ್ 50291 ಸೊಲ್ಪ ಚುರುಕು, 50 ಪಿಪಿಎಂಗೆ 60 ರಿಂದ 90 ನಿಮಿಷ, 100 ಕ್ಕ 10 ರಿಂದ 40 ನಿಮಿಷ, 300 ಕ್ಕ ಮೂರು ನಿಮಿಷದ ಒಳಗ. ಹಿಂಗ್ಯಾಕ ತಡಾ ಅಂದ್ರ, ಸಿಓ ವಿಷ ಆಗೋದು ಎಷ್ಟೈತಿ ಅನ್ನೋದರ ಮ್ಯಾಲಷ್ಟ ಅಲ್ಲ, ಎಷ್ಟೊತ್ತು ಕುಡದೀರಿ ಅನ್ನೋದರ ಮ್ಯಾಲೂ. ನಿಮ್ಮ ರಕ್ತದಾಗ ಎಷ್ಟು ತುಂಬಿರಬಹುದು ಅಂತ ಡಬ್ಬಿ ಒಳಗಿಂದೊಳಗ ಲೆಕ್ಕಾ ಹಾಕ್ತಿರ್ತೈತಿ, ಇಲ್ಲಂದ್ರ ಒಗ್ಗರಣಿ ಹೊಗಿಗೂ ಉದಿನಕಡ್ಡಿಗೂ ದಿನಾ ಒದರಿ ಒದರಿ ಮಂದಿ ಕಿತ್ತು ಒಗೀತಿದ್ರು. ಮಲಗೋ ಖೋಲಿಗೆ ಈ ಲೆಕ್ಕ ಬರೋಬ್ಬರಿ ಹೊಂದತೈತಿ. ಬಚ್ಚಲಕ್ಕ ಹೊಂದೂದಿಲ್ಲ, ಅಲ್ಲಿ ಗ್ಯಾಸ್ ಏರೋದು ನಿಮಿಷದ ಲೆಕ್ಕದಾಗ, ಡಬ್ಬಿ ಯೋಚ್ನಿ ಮಾಡೂದ್ರಾಗ ಒಳಗಿದ್ದವರು ಚಿಲಕ ಹಾಕ್ಕೊಂಡು ಕೆಳಗ ಬಿದ್ದಿರ್ತಾರ.

ಅದಕ್ಕ ಬಚ್ಚಲದ ಗೀಸರಿಗೆ ಮದ್ದು ಡಿಟೆಕ್ಟರ್ ಅಲ್ಲವೇ ಅಲ್ಲ, ಗೀಸರನ್ನ ಎಬ್ಬಿಸಿ ಹೊರಗ ಹಾಕೂದು. ಹಿತ್ತಲ ಗ್ವಾಡಿಗೆ, ಬಾಲ್ಕನಿಗೆ, ಎಲ್ಲರ ತೆರದ ಜಾಗಾದಾಗ ಗೀಸರು ಮತ್ತ ಸಿಲಿಂಡರು, ಬಿಸಿನೀರಿನ ಪೈಪಷ್ಟ ಒಳಗ. ಪ್ಲಂಬರ್ ಒಂದು ದಿನದಾಗ ಮಾಡಿಕೊಡೋ ಕೆಲಸ. ಎಕ್ಸಾಸ್ಟ್ ಫ್ಯಾನ್ ಐತಲ್ಲ ಅಂತಾರ, ಆದ್ರ ಹೊರಗ ಹೋದಷ್ಟು ಗಾಳಿ ಒಳಗ ಬರಾಕ ಬಾಗಲಾ ಬುಡಕ ಜಾಳಗಿ ಇಲ್ಲದಿದ್ರ ಆ ಫ್ಯಾನ್ ಬರೇ ಸಪ್ಪಳ. ಹೊಗಿಪೈಪ್ ಇರೋ ಗೀಸರ್ ಆಗಿದ್ರ ಆ ಫ್ಯಾನ್ ಹೊರಗ ಹೋಗೋ ಹೊಗೀನ ತಿರುಗಿ ಒಳಗ ಜಗ್ಗಿದ್ರೂ ಜಗ್ತು. ಸಪ್ತಾಪುರದ ಕಡೆ ಪಿಜಿಯೊಳಗ ಓದಾಕ ಬಂದ ಹುಡುಗರು ಇದ್ರ, ಅವರ ಅಪ್ಪ-ಅವ್ವಂದಿರಿಗೆ ಒಂದ ಮಾತು, ಊಟ ಹೆಂಗೈತಿ ಅಂತ ಕೇಳೂಮುಂದ ಗೀಸರ್ ಎಲ್ಲೈತಿ ಅಂತನೂ ಕೇಳ್ರಿ. ವಯಸ್ಸಾದವರಿದ್ರ ಒಳಗಿಂದ ಚಿಲಕ ಹಾಕೂದು ಬ್ಯಾಡ ಅಂತ ರೂಢಿ ಮಾಡಿಸ್ರಿ, ನಾಚಿಕಿ ಅಂದ್ರ ಬಾಗಲಿಗೆ ಟವಲ್ ಹಾಕಿದ್ರ ಒಳಗ ಯಾರೋ ಅದಾರ ಅಂತ ಗೊತ್ತಾಗ್ತೈತಿ.

ಮತ್ತ ಡಿಟೆಕ್ಟರ್ ಯಾಕ ಬೇಕು? ಗೀಸರ್ ಒಂದ ಅಲ್ಲ ಅದಕ್ಕ. ಬಾಣಂತಿ ಖೋಲಿ ನೆನಪು ಮಾಡ್ಕೋರಿ. ಕಿಡಕಿ ಮುಚ್ಚಿ, ಬಾಗಲಿಗೆ ಪರದಾ ಹಾಕಿ, ಕಾಟದ ಬುಡಕ ಕೆಂಡದ ಶೇಗಡಿ, ಮ್ಯಾಲ ಲೋಬಾನ. ನಮ್ಮ ಅಮ್ಮಂದಿರು ಹೇಳೋದು, ಹೊಗಿ ಹೋಗಿ ಕೆಂಡ ನಿಗಿನಿಗಿ ಆದ ಮ್ಯಾಲ ಒಳಗ ತರಬೇಕು, ಆಗ ಏನೂ ಆಗೂದಿಲ್ಲ ಅಂತ. ಹೊಗಿ ಹೋಗಿರ್ತೈತಿ, ಸಿಓ ಹೋಗಿರೂದಿಲ್ಲ, ಇದ್ದಲಿ ಕೆಂಡದಾಗಿಂದ ಅದು ಕಣ್ಣಿಗೆ ಕಾಣದಂಗ ಬರ್ಕೋಂತನ ಇರ್ತೈತಿ. ಹೊಗಿ ಇದ್ರರ ಕೆಮ್ಮು ಬಂದು ಹೊರಗ ಓಡ್ತಿದ್ವಿ. ಹಳೇ ಹಂಚಿನ ಮನಿಯೊಳಗ ಸಂದಿಗೊಂದಿಯಿಂದ ಗಾಳಿ ಆಡ್ತಿತ್ತು, ಬೆಳಕಿಂಡಿ ಇತ್ತು, ನಡೀತು. ಈಗ ಆರ್‌ಸಿಸಿ ಮನಿ, ಸ್ಲೈಡಿಂಗ್ ಕಿಡಕಿ, ಅದೇ ಶೇಗಡಿ ಅದೇ ಖೋಲಿಯೊಳಗ ಬ್ಯಾರೆನ ಲೆಕ್ಕ. ಕೂಸಿನ ಉಸಿರು ಜೋರು, ಮೈ ಸಣ್ಣದು, ಅದಕ್ಕ ಮೊದಲು ಬಡಿತೈತಿ. ಬಸುರಿ ಹೆಣ್ಣಮಕ್ಕಳಿದ್ರಂತೂ ಹೊಟ್ಟ್ಯಾಗಿನ ಕೂಸಿನ ರಕ್ತ ಸಿಓನ್ನ ಇನ್ನೂ ಬಿಗಿಯಾಗಿ ಹಿಡಕೊಂಡು ಬಿಡಾಕ ಹೆಚ್ಚು ಹೊತ್ತು ತಗೋತೈತಿ. ಕಾಸೋದು ಬ್ಯಾಡ ಅಂತ ನಾ ಹೇಳಿದ್ರ ಯಾವ ಮನ್ಯಾಗೂ ಯಾರೂ ಕೇಳೂದಿಲ್ಲ, ಗೊತ್ತೈತಿ ನನಗ. ಕಾಸಿ ಆದ ಮ್ಯಾಲ ಶೇಗಡಿ ಹೊರಗ ಹಾಕ್ರಿ, ಎರಡು ಕಡೆ ಕಿಡಕಿ ಬೆರಳಷ್ಟರ ತಗೀರಿ, ರಾತ್ರಿ ಕೆಂಡ ಒಳಗ ಇಟ್ಟು ಮಲಗಬ್ಯಾಡ್ರಿ. ಮನಿ ಬುಡಕ ಶಟರ್ ಹಾಕಿದ ಗ್ಯಾರೇಜಿನ್ಯಾಗ ಕಾರ್ ಚಾಲೂ ಇಡೂದು, ಅಂಗಡಿ ಹಿಂದಿನ ಸಂದಿಯೊಳಗ ಜನರೇಟರ್ ಓಡಸೂದು, ಬಚ್ಚಲದ ಹಂಡೇದ ಒಲಿ ಹೊಗಿ ನಡುಮನಿಗೆ ತಿರಗೂದು, ಇವೂ ಅದೇ ಸಾಲಿನವು.

ಡಬ್ಬಿ ತಗೊಳ್ಳೂಮುಂದ ಒಂದು ಗೊಂದಲ ಬಿಡಿಸಿಕೋರಿ. ಗ್ಯಾಸ್ ಡಿಟೆಕ್ಟರ್ ಅಂತ ಮಾರೂದು ಹೆಚ್ಚಾಗಿ ಎಲ್‌ಪಿಜಿ ಸೋರಿಕಿ ಹಿಡಿಯೂದು, ಅದು ಸಿಓ ಹಿಡಿಯೂದಿಲ್ಲ. ಹೊಗಿ ಡಿಟೆಕ್ಟರೂ ಹಿಡಿಯೂದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕ ಹರೀತೈತಿ, ಆ ಡಬ್ಬಿ ಕೆಳಗ ಹಾಕ್ತಾರ, ಮತ್ತ ಅದಕ್ಕ ವಾಸನಿಗೆ ಅಂತ ಬೇಕಂತನ ಮರ್ಕ್ಯಾಪ್ಟಾನ್ ಕೂಡಿಸಿರ್ತಾರ, ಮೂಗಿಗೇ ಗೊತ್ತಾಗ್ತೈತಿ. ಸಿಓಗೆ ಆ ಭಾಗ್ಯ ಇಲ್ಲ. ಡಬ್ಬಿ ಹಿಂದ ಯುಎಲ್ 2034 ಅಥವಾ ಇಎನ್ 50291 ಅಂತ ಇರಬೇಕು, ಸೆನ್ಸರ್ ಎಲೆಕ್ಟ್ರೋಕೆಮಿಕಲ್ ಅಂತ ಇರಬೇಕು, ಯಾವ ತಿಂಗಳು ಬದಲಿ ಮಾಡಬೇಕು ಅನ್ನೋ ತಾರೀಖು ಇರಬೇಕು. ಈ ಮೂರೂ ಇಲ್ಲದ, ಬರೇ ಡಿಸ್ಪ್ಲೇ ಚಂದ ಇರೋ ಅಗ್ಗದ ಡಬ್ಬಿ ಆನ್‌ಲೈನಿನ್ಯಾಗ ರಾಶಿ ಬಿದ್ದಾವ, ನನಗಂತೂ ಅವು ಆಟಿಗಿ ಸಾಮಾನು.

ಎಲೆಕ್ಟ್ರೋಕೆಮಿಕಲ್ ಅಂದ್ರ ಒಳಗ ಒಂದು ಪುಟ್ಟ ಬ್ಯಾಟರಿ ಇದ್ದಂಗ. ಆ್ಯಸಿಡ್ ನೆನಿಸಿದ ಪದರ, ಪ್ಲಾಟಿನಂ ಹಚ್ಚಿದ ಎಲೆಕ್ಟ್ರೋಡ್. ಸಿಓ ಒಳಗ ಹೊಕ್ಕು ಅದರ ಮ್ಯಾಲ ಕಾರ್ಬನ್ ಡೈಆಕ್ಸೈಡ್ ಆಗಿ ಬದಲಾಗೂಮುಂದ ಎಲೆಕ್ಟ್ರಾನ್ ಬಿಡ್ತೈತಿ, ಗ್ಯಾಸ್ ಎಷ್ಟೋ ಕರೆಂಟ್ ಅಷ್ಟು. ಅಷ್ಟ ಕಥಿ. ಒಳಗಿನ ದ್ರವ ವರ್ಷದಿಂದ ವರ್ಷಕ್ಕ ಒಣಗ್ತೈತಿ, ಎಲೆಕ್ಟ್ರೋಡ್ ಸವೀತೈತಿ, ಅದಕ್ಕ 5 ರಿಂದ 10 ವರ್ಷದ ಆಯುಷ್ಯ, ಮಾಡೆಲ್ ನೋಡಿ. ಬ್ಯಾಟರಿ ಹೊಸಾದು ಹಾಕಿದ್ರ ಸೆನ್ಸರ್ ಹೊಸಾದು ಆಗೂದಿಲ್ಲ.

ಈಗ ನಮ್ಮ ಮನಿ ಸುಳ್ಳ ಅಲಾರ್ಮಿನ ಕಥಿ. ಈ ಸೆನ್ಸರಿಗೆ ಹೈಡ್ರೋಜನ್ನೂ ಸಿಓ ಕಂಡಂಗನ ಕಾಣ್ತೈತಿ. ನಾ ಶಾಣ್ಯಾ ಡಬ್ಬಿ ಹಚ್ಚಿದ್ದು ಎಲ್ಲಿ? ಪಡಸಾಲಿ ಬಾಜೂ ಇರೋ ಸಣ್ಣ ಹಾದಿಯೊಳಗ, ಕೆಳಗ ಇನ್ವರ್ಟರ್, ಅದರ ಬಾಜೂ ನೀರು ಹಾಕೋ ದೊಡ್ಡ ಟ್ಯೂಬುಲರ್ ಬ್ಯಾಟರಿ. ಅವತ್ತ ಸಂಜಿಗೆ ಭಾಳ ಹೊತ್ತು ಕರೆಂಟ್ ಇರಲಿಲ್ಲ, ರಾತ್ರಿ ಬಂದ ಮ್ಯಾಲ ಬ್ಯಾಟರಿ ಕುದಕೋಂತ ಚಾರ್ಜ್ ಆತು, ಹಂಗ ಆಗೂಮುಂದ ಅದರಾಗಿಂದ ಹೈಡ್ರೋಜನ್ ಬರ್ತೈತಿ, ಹಾದಿ ಬಾಗಲಾ ಎರಡೂ ಕಡೆ ಹಾಕಿತ್ತು. ಡಬ್ಬಿ 80, 90 ಅಂತ ಏರಿಸಿ ಒದರಿತು. ಸುಳ್ಳ ಅಲಾರ್ಮ್ ಅಂದ್ರೂ ಪೂರಾ ಸುಳ್ಳಲ್ಲ, ಹೈಡ್ರೋಜನ್ ಕೂಡಿದ್ರ ಕಿಡಿ ಬಿದ್ರ ಢಮ್ ಅಂತೈತಿ, ಬ್ಯಾಟರಿ ಮುಚ್ಚಿದ ಜಾಗಾದಾಗ ಇಡಬಾರದು ಅನ್ನೋ ಪಾಠ ಬ್ಯಾರೆ ಫ್ರೀ ಸಿಕ್ಕಿತು. ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನಿ ಕಮ್ಮಿ, ಹೊರಗಿನ ದೇಶದ ಮ್ಯಾನ್ಯುವಲ್ಲಿನ್ಯಾಗ ಇದು ಯಾವದೋ ಮೂಲ್ಯಾಗ ಸಣ್ಣ ಅಕ್ಷರದಾಗ ಇರ್ತೈತಿ, ಅದಕ್ಕ ಇಷ್ಟು ಹೇಳಿದೆ. ಪೇಂಟ್, ಸ್ಪಿರಿಟ್, ಸ್ಯಾನಿಟೈಸರ್, ಸೊಳ್ಳಿ ಸ್ಪ್ರೇ ಹತ್ರ ಹೊಡದ್ರೂ ಕೆಲವು ಡಬ್ಬಿ ತಪ್ಪು ನಂಬರ್ ತೋರಿಸ್ತಾವ.

ಎಲ್ಲಿ ಹಚ್ಚಬೇಕು ಅಂದ್ರ, ಸಿಓ ಗಾಳಿಗಿಂತ ಒಂಚೂರಷ್ಟ ಹಗುರ, ಗಾಳಿಯೊಳಗ ಬೆರತು ಖೋಲಿ ತುಂಬ ಹರಡ್ತೈತಿ, ಆದ್ರ ಬೆಂಕಿಯಿಂದ ಬಂದಿದ್ದು ಬಿಸಿ ಇರೋದಕ್ಕ ಮೊದಲು ಮ್ಯಾಲ ಹೋಗ್ತೈತಿ. ಬಚ್ಚಲ ಬಿಟ್ಟು, ಒಲಿಯೋ ಗೀಸರೋ ಇರೋ ಖೋಲಿಯೊಳಗ ಅದರಿಂದ ಒಂದರಿಂದ ಮೂರು ಮೀಟರ್ ದೂರ, ಗ್ವಾಡಿ ಮ್ಯಾಲ, ಛತ್ತಿಂದ ಒಂದು ಗೇಣು ಕೆಳಗ. ಮಲಗೋ ಖೋಲಿಯೊಳಗ ತಲಿದಿಂಬಿನ ಎತ್ತರಕ್ಕ, ಮೂಗಿರೋ ಜಾಗಾದಾಗ. ಒಂದ ಡಬ್ಬಿ ತರೂ ರೊಕ್ಕ ಇದ್ರ ಮಲಗೋ ಖೋಲಿಗೇ ಹಾಕ್ರಿ, ಎಚ್ಚರ ಇದ್ದವರಿಗೆ ತಲಿನೋವರ ಬಂದು ಏನೋ ಆಗೈತಿ ಅನಸ್ತೈತಿ, ಮಲಗಿದವರಿಗೆ ಅದೂ ಇಲ್ಲ. ಪರದಾ ಹಿಂದ, ಕಪಾಟಿನ ಮ್ಯಾಲ, ಕಿಡಕಿ ಬಾಜೂ, ಫ್ಯಾನಿನ ಗಾಳಿ ನೆಟ್ಟಗ ಬಡಿಯೋ ಕಡೆ, ಒಲಿ ನೆತ್ತಿ ಮ್ಯಾಲ, ದೇವರ ಜಗಲಿ ಎದುರಿಗೆ ಹಾಕಬ್ಯಾಡ್ರಿ.

ವೈರ್‌ಲೆಸ್ ಅನ್ನೋದರಾಗ ಎರಡು ಜಾತಿ. ಒಂದು ಡಬ್ಬಿ-ಡಬ್ಬಿ ತಮ್ಮತಮ್ಮೊಳಗ ರೇಡಿಯೋದಿಂದ ಮಾತಾಡೋವು, ಕೆಳಗಿನ ಮನಿಯೊಳಗ ಒಂದು ಒದರಿದ್ರ ಮ್ಯಾಲಿನ ಮನಿಯೊಳಗೂ ಒದರ್ತೈತಿ, ಇಂಟರ್ನೆಟ್ ಬೇಕಿಲ್ಲ, ಫೋನ್ ಬೇಕಿಲ್ಲ. ನನ್ನ ಕೇಳಿದ್ರ ಎರಡು ಅಂತಸ್ತಿನ ಮನಿಗೆ ಇದ ಸರಿ. ಇನ್ನೊಂದು ವೈಫೈ ಇಲ್ಲಾ ಜಿಗ್‌ಬೀ ಅನ್ನೋ ಕಮ್ಮಿ ಬ್ಯಾಟರಿ ತಿನ್ನೋ ರೇಡಿಯೋ ಮ್ಯಾಲ ನಡಿಯೋವು, ಫೋನಿಗೆ ಸುದ್ದಿ ಕಳಸ್ತಾವ, ಜಿಗ್‌ಬೀ ಆದ್ರ ನಡುವ ಒಂದು ಹಬ್ ಡಬ್ಬಿ ಬೇಕು.

ವೈಫೈ ಡಬ್ಬಿ ಜೋಡಿಸೂಮುಂದ ಭಾಳ ಮಂದಿ ತ್ರಾಸ ಪಡೋದು ಒಂದ ಕಾರಣಕ್ಕ. ಈ ಡಬ್ಬಿಗಳು ಹೆಚ್ಚಾಗಿ 2.4 ಗಿಗಾಹರ್ಟ್ಜ್ ವೈಫೈ ಅಷ್ಟ ಹಿಡಿತಾವ, ಫೈಬರ್ ಕನೆಕ್ಷನ್ ಜೊತಿ ಬಂದ ರೂಟರ್ 2.4 ಮತ್ತ 5 ಎರಡನ್ನೂ ಒಂದ ಹೆಸರಿನ್ಯಾಗ ಬಿಟ್ಟಿರ್ತೈತಿ, ಫೋನ್ 5 ರ ಮ್ಯಾಲ ಇರ್ತೈತಿ, ಆ್ಯಪ್ ಗರಗರ ತಿರುಗಿ ಫೇಲ್ ಅಂತೈತಿ. ರೂಟರ್ ಸೆಟ್ಟಿಂಗಿನ್ಯಾಗ ಎರಡಕ್ಕೂ ಬ್ಯಾರೆ ಬ್ಯಾರೆ ಹೆಸರು ಕೊಟ್ಟು, ಫೋನನ್ನ 2.4 ಕ್ಕ ಹಾಕಿ, ಬ್ಲೂಟೂತ್ ಲೊಕೇಶನ್ ಆನ್ ಇಟ್ಟು, ಡಬ್ಬೀನ ರೂಟರ್ ಹತ್ರ ಹಿಡಕೊಂಡು ಜೋಡಿಸ್ರಿ, ಆಮ್ಯಾಲ ಜಾಗಾಕ್ಕ ಒಯ್ಯಿರಿ. ಮಾಳಮಡ್ಡಿ ಕಡೆ ಹಳೇ ಮನಿ ಕಲ್ಲಿನ ಗ್ವಾಡಿ ಎರಡೆರಡು ಫೂಟ್ ದಪ್ಪ ಇರ್ತಾವ, ಅಲ್ಲಿ ಸಿಗ್ನಲ್ ಒಂದು ಗ್ವಾಡಿ ದಾಟಿದ್ರ ದೊಡ್ಡದು, ಮೊಳಿ ಹೊಡಿಯೋ ಮೊದಲ ಒಂದು ದಿನ ಟೇಪ್ ಹಚ್ಚಿ ನೋಡ್ರಿ.

ಜೋಡಿಸಿದ್ದು ಅರ್ಧ ಕೆಲಸ. ಕರೆಂಟ್ ಹೋದಾಗ ರೂಟರ್ ಸತ್ರ ಡಬ್ಬಿ ಬ್ಯಾಟರಿ ಮ್ಯಾಲ ಒದರ್ತೈತಿ ಖರೆ, ಫೋನಿಗೆ ಸುದ್ದಿ ಬರೂದಿಲ್ಲ, ಮತ್ತ ಜನರೇಟರ್ ಹಚ್ಚೋದು ಕರೆಂಟ್ ಹೋದಾಗನ ಅಲ್ಲೇನ್ರಿ. ಹಂಗಾಗಿ ರೂಟರು, ಫೈಬರಿನ ಡಬ್ಬಿ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡ್ರಿ. ಆಮ್ಯಾಲ ಫೋನು. ಇವತ್ತಿನ ಆಂಡ್ರಾಯ್ಡ್ ಫೋನು ಬ್ಯಾಟರಿ ಉಳಸ್ತೀನಿ ಅಂತ ಹಿಂದಿರೋ ಆ್ಯಪ್‌ಗಳನ್ನ ಕೊಂದು ಹಾಕ್ತೈತಿ, ಸೆಟ್ಟಿಂಗಿನ್ಯಾಗ ಈ ಆ್ಯಪಿಗೆ ಬ್ಯಾಟರಿ ನಿರ್ಬಂಧ ಇಲ್ಲ ಅಂತ ಮಾಡ್ರಿ, ಡು ನಾಟ್ ಡಿಸ್ಟರ್ಬ್ ಇದ್ರೂ ಸಪ್ಪಳ ಬರೋಹಂಗ ಪರ್ಮಿಶನ್ ಕೊಡ್ರಿ, ರಿಂಗ್‌ಟೋನ್ ಬ್ಯಾರೆ ಇಡ್ರಿ. ಹಾಲಿನ ಆ್ಯಪ್ ಆಫರ್ ಬಂದಾಗ ಟಿಣ್ ಅನ್ನೋ ಸಪ್ಪಳನ ಇದಕ್ಕೂ ಇದ್ರ ಯಾರ ಏಳ್ತಾರ?

ಮತ್ತ ಆ್ಯಪಿನ್ಯಾಗ ಶೇರ್ ಅಂತ ಒಂದು ಆಪ್ಶನ್ ಇರ್ತೈತಿ. ಎಲ್ಲಾರೂ ಬೆಂಗಳೂರಿನ್ಯಾಗ ಇರೋ ಮಗಗ, ಪುಣೆಯೊಳಗ ಇರೋ ಮಗಳಿಗೆ ಶೇರ್ ಮಾಡ್ತಾರ. ಮಾಡ್ರಿ, ಬ್ಯಾಡ ಅನ್ನೂದಿಲ್ಲ, ಆದ್ರ ಮೊದಲನೇ ಹೆಸರು ಬಾಜೂ ಮನೀದು ಇರಲಿ. ನಾ ಹುಬ್ಬಳ್ಳಿಯೊಳಗ ಕುಂತು ಮಾಡಿದ್ದೇನು ಆ ರಾತ್ರಿ, ಕಾಕಾಗ ಫೋನ್ ಹಚ್ಚಿದ್ದ ಅಷ್ಟ, ಆ ಫೋನ್ ನನ್ನ ನಡುವ ಇಲ್ಲದನ ನೆಟ್ಟಗ ಅವರಿಗೆ ಹೋಗಿದ್ರ ನಾಕು ನಿಮಿಷ ಉಳೀತಿತ್ತು. ಒಂದು ಕೀಲಿಕೈನೂ ಅವರ ಹತ್ರ ಇರಲಿ.

ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ರಿ. ಅದು ಹೆಚ್ಚಾಗಿ ನೋಡೋದು ಬ್ಯಾಟರಿ, ಸರ್ಕ್ಯೂಟ್, ಸೈರನ್ ಅಷ್ಟ, ಗ್ಯಾಸ್ ಖರೇನ ಹಿಡಿತೈತೋ ಇಲ್ಲೋ ಅಂತ ಅಲ್ಲ. ಹಂಗಂತ ಸ್ಕೂಟರ್ ಸೈಲೆನ್ಸರಿಗೆ ಹಿಡಿಯೂದು, ಊದಿನಕಡ್ಡಿ ಹೊಗಿ ಕುಡಿಸೂದು ಮಾಡಬ್ಯಾಡ್ರಿ, ಸೆನ್ಸರೂ ಹಾಳು, ನೀವೂ ಹಾಳು. ಬಟನ್ ಒತ್ತೋದರಿಂದ ಇನ್ನೊಂದು ದೊಡ್ಡ ಲಾಭ ಐತಿ, ಮನಿ ಮಂದಿಗೆ ಆ ಸಪ್ಪಳದ ಗುರುತು ಸಿಗ್ತೈತಿ. ಸಿಓ ಇದ್ರ ನಾಕು ಸಲಾ ಬೀಪ್, ಸೊಲ್ಪ ಸುಮ್ಮನ, ಮತ್ತ ನಾಕು. ಹೊಗಿ ಅಲಾರ್ಮ್ ಆದ್ರ ಮೂರು ಮೂರು. ನಿಮಿಷಕ್ಕೊಂದು ಸಲಾ ಹಲ್ಲಿ ಲೊಚಗುಟ್ಟಿದಂಗ ಒಂದ ಚಿಕ್ ಅಂದ್ರ ಬ್ಯಾಟರಿ ಮುಗದೈತಿ ಇಲ್ಲಾ ಡಬ್ಬಿ ಆಯುಷ್ಯ ಮುಗದೈತಿ. ಮೂರು ಮೀಟರ್ ದೂರದಾಗ 85 ಡೆಸಿಬಲ್ ಸಪ್ಪಳ ಬರಬೇಕು ಅಂತ ನಿಯಮ ಇರ್ತೈತಿ, ಆದ್ರೂ ಎರಡು ಬಾಗಲಾ ದಾಟಿದ್ರ ಅದು ನಮ್ಮ ಅವ್ವಗ ಆದಂಗ ಯಾರದೋ ಕಾರ್ ಆಗಿಬಿಡ್ತೈತಿ.

ಒದರಿದ್ರ ಏನ್ ಮಾಡಬೇಕು? ಎಲ್ಲಾರನೂ ಎಬ್ಬಿಸಿ ಹೊರಗ ಕರಕೊಂಡು ಬರೂದು, ಹೋಗ್ತ ಹೋಗ್ತ ಕೈಗೆ ಸಿಕ್ಕ ಬಾಗಲಾ ಕಿಡಕಿ ತಗಿಯೂದು, ಗ್ಯಾಸ್ ನಾಬ್ ದಾರ್ಯಾಗ ಇದ್ರ ಬಂದ್ ಮಾಡೂದು, ಅದಕ್ಕಂತ ಒಳಗ ನಿಂದರೂದಿಲ್ಲ. ಹೊರಗ ಬಂದು ತಲಿ ಎಣಿಸ್ರಿ. ಯಾರಿಗರ ತಲಿನೋವು, ತಲಿ ತಿರಗೂದು, ವಾಂತಿ ಬಂದಂಗ ಆಗೂದು, ಮಾತು ತೊದಲೂದು, ಕಾಲಾಗ ಕಸು ಇಲ್ಲದಂಗ ಆಗೂದು ಇದ್ರ 108 ಕ್ಕ ಫೋನ್ ಹಚ್ಚಿ ಸಿಓ ಅಂತ ಬಾಯಿಬಿಟ್ಟು ಹೇಳ್ರಿ, ಡಾಕ್ಟರಿಗೂ ಹೇಳ್ರಿ, ಹೇಳಲಿಲ್ಲಂದ್ರ ಪಿತ್ತ, ಬಿಪಿ ಲೋ, ಗ್ಯಾಸ್ಟ್ರಿಕ್ ಅಂತ ಗುಳಿಗಿ ಕೊಟ್ಟು ಕಳಿಸಿದ್ರೂ ಕಳಿಸಿದ್ರು. ರಕ್ತ ಪರೀಕ್ಷಾದಾಗ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದ್ರ ಸಿಓ ಹಿಡಕೊಂಡ ಹಿಮೋಗ್ಲೋಬಿನ್, ಎಷ್ಟೈತಿ ನೋಡಿದ್ರ ಖಾತ್ರಿ ಆಗ್ತೈತಿ. ಬಿದ್ದವರನ್ನ ಎತ್ತಾಕ ಬಚ್ಚಲದಾಗ ಹೊಗೋರು ಮೊದಲು ಬಾಗಲಾ ಪೂರ್ತಿ ತಗದು, ಉಸಿರು ಬಿಗಿಹಿಡದು, ಎಳಕೊಂಡು ಹೊರಗ ಬರೂದು, ಅಲ್ಲೇ ಕುಂತು ನೀರು ಹೊಡಿಯೂದು ಮಾಡಿದ್ರ ಇಬ್ಬರು ಬೀಳ್ತಾರ. ಗಾಳಿ ಆಡಿ ಡಬ್ಬಿ ನಂಬರ್ ಸೊನ್ನಿಗೆ ಇಳೀತು ಅಂತ ಅದ ಗೀಸರ್ ಮತ್ತ ಹಚ್ಚಬ್ಯಾಡ್ರಿ, ಮೆಕ್ಯಾನಿಕ್ ನೋಡಬೇಕು. ಎಲ್‌ಪಿಜಿ ವಾಸನಿ ಬಂದ್ರ ಅದು ಬ್ಯಾರೆ ಪ್ರಕರಣ, ಅದಕ್ಕ 1906.

ಡಿಸ್ಪ್ಲೇ ಇರೋ ಡಬ್ಬಿಯವರಿಗೆ ಒಂದು ಮಾತು. ಅಲಾರ್ಮ್ ಆಗದ ನಂಬರ್ ಎಲ್ಲಾ ಚಲೋ ನಂಬರ್ ಅಲ್ಲ. ಯುಎಲ್ ಪ್ರಕಾರ 30 ಪಿಪಿಎಂ ದಿನಗಟ್ಲೆ ಇದ್ರೂ ಡಬ್ಬಿ ಒದರಬಾರದು ಅಂತ ಐತಿ, ಆದ್ರ ವಿಶ್ವ ಆರೋಗ್ಯ ಸಂಸ್ಥೆ 2021 ರ ಮಾರ್ಗಸೂಚಿಯೊಳಗ ದಿನಪೂರ್ತಿ ಸರಾಸರಿಗೆ ಹೇಳಿದ್ದು ಒಂದು ಘನಮೀಟರಿಗೆ 4 ಮಿಲಿಗ್ರಾಂ, ಅಂದ್ರ ನಾಕು ಪಿಪಿಎಂಗಿಂತ ಕಮ್ಮಿ. ಒಗ್ಗರಣಿ ಟೈಮಿನ್ಯಾಗ ಹತ್ತು ತೋರಿಸಿ ಇಳಿದ್ರ ಗಾಬರಿ ಬ್ಯಾಡ, ದಿನಾ ಮುಂಜಾನೆ ಜಳಕದ ಹೊತ್ತಿಗೆ 20, 25 ಅಂತ ತೋರಸ್ತಿದ್ರ ಎಲ್ಲೋ ಉರಿ ಕೆಟ್ಟೈತಿ ಅಂತ ಹುಡುಕ್ರಿ. ಉರಿ ಹಳದಿ ಆಗೈತೇನು, ಗೀಸರ್ ನೆತ್ತಿ ಮ್ಯಾಲ ಮಸಿ ಕುಂತೈತೇನು ನೋಡ್ರಿ. ಹಿಂಗ ಗೆರಿ ಏರೂದು ಇಳಿಯೂದು ನೋಡಾಕಷ್ಟ ಆ್ಯಪಿನ ಗ್ರಾಫ್ ಉಪಯೋಗ, ಅದಕ್ಕೂ ಸೊಲ್ಪ ಮರ್ಯಾದಿ ಕೊಟ್ಟಂಗಾತು.

ಮಾಳಮಡ್ಡಿಯೊಳಗ ಈಗ ಒಂದು ಡಬ್ಬಿ ಅಪ್ಪ-ಅವ್ವ ಮಲಗೋ ಖೋಲಿಯೊಳಗ ಮಂಚದ ಬಾಜೂ ಐತಿ, ಇನ್ನೊಂದು ಅಡಗಿಮನ್ಯಾಗ, ಎರಡೂ ಕೂಡಿ ಒದರೋವು. ಗೀಸರ್ ಹಿತ್ತಲಕ್ಕ ಹೋತು, ಇನ್ವರ್ಟರ್ ಬ್ಯಾಟರಿ ವರಾಂಡಾಕ್ಕ. ಡಬ್ಬಿ ಹಿಂದಿನ ಮುಗಿಯೋ ತಾರೀಖನ್ನ ಅಪ್ಪ ಸಿಲಿಂಡರ್ ಬುಕ್ ಮಾಡಿದ ತಾರೀಖು ಬರಿಯೋ ಗ್ವಾಡಿ ಮ್ಯಾಲನ ಪೆನ್ಸಿಲಿನಿಂದ ಬರದಾನ. ಆ್ಯಪ್ ಕಾಕಾನ ಫೋನಿನ್ಯಾಗೂ ಐತಿ, ತಿಂಗಳ ಮೊದಲನೇ ರವಿವಾರ ಅವ್ವ ಟೆಸ್ಟ್ ಬಟನ್ ಒತ್ತೋ ದಿನ. ಮೊದಲ ಸಲಾ ಕಾಕಾ ನಾಕು ಬೀಪಿಗೆ ಬನಿಯನ್ನಿನ ಮ್ಯಾಲ ಓಡಿ ಬಂದಿದ್ರು, ಈಗ ಬಟನ್ ಒತ್ತೋಕಿಂತ ಹತ್ತು ನಿಮಿಷ ಮೊದಲ ಬಂದು ಚಾ ಆತೇನು ಅಂತ ಕೇಳ್ತಾರ.